ಕಟ್ಟಿದ ನಾಲಿಗೆ, ಅಮ್ಮನ ಒಳಲೆ

ಬಾಣಂತನಕ್ಕೆಂದು ಮೈಸೂರಿನಿಂದ ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದ ಅಮ್ಮ ಸೂಟ್‌ಕೇಸಿನಿಂದ ಮೊದಲು ತೆಗೆದದ್ದು ಬೆಳ್ಳಿಯ ಒಳಲೆ. ಕೂಸಾಗಿದ್ದಾಗ ನಾನು ಹಾಲು ಕುಡಿದದ್ದೂ ಅದರಲ್ಲೇ ಅಂತೆ. ಈ ಊರಲ್ಲಿ ಇದೆಲ್ಲ ಯಾಕಮ್ಮ ಎಂದು ನಕ್ಕಿದ್ದೆ. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಮಗಳು ಮೊಲೆ ಹಿಡಿಯುತ್ತಿರಲಿಲ್ಲ. ಹಿಡಿದರೂ ವಸಡಿನಿಂದ ಜಗಿದು, ಜಾರಿ, ಕೆಂಪಾಗಿ ಅಳುತ್ತಿದ್ದಳು. ತೊಟ್ಟು ಒಡೆದು ರಕ್ತ ಬರುತ್ತಿತ್ತು. ಅತ್ತೆ ಫೋನಿನಲ್ಲಿ, "ಹಾಲು ಸಾಲ್ತಿಲ್ಲ, ಸಬ್ಬಸಿಗೆ ಸೊಪ್ಪು ತಿನ್ನು" ಅಂದರು. ನನಗೆ ಮೈಯೆಲ್ಲ ಉರಿಯಿತು. ರವಿಕೆ ತೊಯ್ದು ತೊಪ್ಪೆಯಾಗುವಷ್ಟು ಹಾಲಿತ್ತು. ಪಂಪಿನಲ್ಲಿ ತೆಗೆದುಕೊಟ್ಟರೆ ಅಮ್ಮ ಕಾಲು ಚಾಚಿ ಕೂತು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಯಲ್ಲಿ ಕುಡಿಸುತ್ತಿದ್ದಳು. ಒಂದು ಗುಟುಕು ಇಳಿದದ್ದನ್ನು ನೋಡಿಕೊಂಡೇ ಇನ್ನೊಂದು. ಕೆನ್ನೆಯ ಮೇಲೆ ಹನಿಯೂ ಬೀಳುತ್ತಿರಲಿಲ್ಲ.

ಮಗು ದುಂಡಗಾಯಿತು. ಮಕ್ಕಳ ಆರೋಗ್ಯ ಕೇಂದ್ರದ ನರ್ಸ್ ತೂಕ ನೋಡಿ ಖುಷಿಪಟ್ಟಳು. ತಾಯಿಹಾಲೇನಾ ಎಂದು ಕೇಳಿದಳು, ಹೌದು ಎಂದೆ. ಅದು ಯಾವ ದಾರಿಯಲ್ಲಿ ಹೊಟ್ಟೆ ಸೇರುತ್ತಿದೆ ಎಂದು ಅವಳು ಕೇಳಲಿಲ್ಲ, ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಒಳಲೆಯಲ್ಲಿ ಹಾಲು ಕುಡಿಸುವುದರಲ್ಲಿ ಹೇಳುವಂಥದ್ದೇನಿದೆ?

ಅಮ್ಮನ ವೀಸಾ ಮುಗಿಯುತ್ತ ಬಂತು. ಕಲಿಯೋಣವೆಂದು ನಾನೇ ಒಳಲೆ ಹಿಡಿದರೆ ಹಾಲು ಕತ್ತಿಗೆ ಹರಿದು, ಮಗು ಕೆಮ್ಮಿ ಕಣ್ಣು ಮೇಲೆ ಮಾಡಿತು. ಅಮ್ಮ ಹೊರಟುಹೋದ ಮೇಲೆ ಇವಳಿಗೆ ಕುಡಿಸುವವರು ಯಾರು? ಮುಂದಿನ ಸಲ ನರ್ಸ್ ಎದುರು ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅವಳು ಗ್ಲೌಸ್ ಹಾಕಿದ ಬೆರಳಿನಿಂದ ಮಗುವಿನ ನಾಲಿಗೆ ಎತ್ತಿದಳು. ಬಿಳಿಯ ಪೊರೆಯೊಂದು ನಾಲಿಗೆಯ ತುದಿಯನ್ನು ಕೆಳಕ್ಕೆ ಕಟ್ಟಿಹಾಕಿತ್ತು.

ಪೊರೆಯನ್ನು ಕತ್ತರಿಸಬಹುದು, ಸಣ್ಣ ಕೆಲಸ ಎಂದರು ಡಾಕ್ಟರ್. ಆದರೆ ಚೀಪುವುದನ್ನು ಮಗು ಹೊಸದಾಗಿ ಕಲಿಯಬೇಕು, ಕಲಿತೇ ಕಲಿಯುತ್ತಾಳೆಂದು ಮಾತು ಕೊಡಲಾರೆ ಎಂದೂ ಹೇಳಿದರು.

"ಕಿವಿ ಚುಚ್ಚೋಕೆ ಮುಂಚೆ ನಾಲಿಗೆಗೆ ಕತ್ತರೀನಾ?" ಎಂದಳು ಅಮ್ಮ. ನಾನು ಡಾಕ್ಟರಿಗೆ ಆಗಲಿ ಎಂದೆ.

ಕತ್ತರಿ ಆಡಿದ ತಕ್ಷಣ ಮಗುವನ್ನು ಮೊಲೆಗೆ ಹಾಕಿಕೊಂಡೆ. ತುಟಿಯಲ್ಲಿ ರಕ್ತ ಇಟ್ಟುಕೊಂಡೇ ಸ್ವಲ್ಪ ಚೀಪಿದಳು, ಮತ್ತೆ ಜಾರಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಮೆಲ್ಲಗೆ ಕೇಳಿದಳು, "ನಾನು ಒಳಲೆ ತರದೇ ಇದ್ದಿದ್ರೆ ಇದು ಆವಾಗ್ಲೇ ಗೊತ್ತಾಗ್ತಿತ್ತು, ಅಲ್ವೇನೇ?"

ಗೊತ್ತಾಗುತ್ತಿತ್ತು. "ಮಗು ಹಸಿದುಕೊಂಡಿರ್ತಿತ್ತು ಅಮ್ಮ," ಎಂದೆ. ಅದೂ ನಿಜವೇ. ಅವಳು ಕಿಟಕಿಯ ಕಡೆ ತಿರುಗಿದಳು. ನನಗೆ ಅವಳ ಮೇಲೆ ಕೋಪವೂ ಬಂದಿತ್ತು, ಅಯ್ಯೋ ಎಂದೂ ಅನಿಸಿತ್ತು.

ಹೊರಡುವ ದಿನ ಒಳಲೆಯನ್ನು ತೊಳೆದು, ಒರೆಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

ಊರು ತಲುಪಿ ವಿಡಿಯೋ ಕಾಲ್ ಮಾಡಿದಳು. "ಹಿಡೀತಾಳೇನೇ?"

"ಹೂಂ ಅಮ್ಮ, ಚೆನ್ನಾಗಿ ಹಿಡೀತಾಳೆ," ಎಂದೆ. ಹಾಲಿನ ಒಳಲೆ ಫೋನಿನ ಹಿಂದೆ ನನ್ನ ಕೈಯಲ್ಲೇ ಇತ್ತು. ಮಗುವನ್ನು ತೋರಿಸು ಎಂದಳು, ತೋರಿಸಿದೆ. ಒದ್ದೆಯಾದ ಕತ್ತು, ಅಂಗಿಯ ಕಾಲರು. ಅಮ್ಮ ತುಸು ಹೊತ್ತು ನೋಡಿದಳು.

"ತಲೆ ಇನ್ನೂ ಸ್ವಲ್ಪ ಎತ್ತಿ ಹಿಡ್ಕೊಳೇ," ಎಂದಳು, "ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಹಾಕು."