ಹಲಗೆಗೆ ಕಿವಿಯಿಟ್ಟ ಪುರ್ಸಜ್ಜ

ಎಲ್ಲವೂ ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ನಾಲ್ಕು ವರ್ಷವಾಯಿತು. ಎಲೆಕ್ಟ್ರಿಕಲ್ ಓದಿದವನು ನಾನು. ಅಳೆಯಲಾಗದ್ದನ್ನು ನಂಬಿ ಅಭ್ಯಾಸವಿಲ್ಲ. ಈಚೆಗೆ ನನ್ನ ನೆನಪನ್ನೂ ಅಷ್ಟಾಗಿ ನಂಬುವುದಿಲ್ಲ.

ಅಂಕೋಲೆಯ ಕೇಣಿಯಲ್ಲಿರುವ ನನ್ನ ಭಾವ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದವರು. ನಿವೃತ್ತರಾದ ಮೇಲೆ ಜಗಲಿಯ ತುಂಬ ಪ್ಲೈವುಡ್ ಹಾಸಿ, ತಾವು ದಿನವೂ ನಡೆದ ದಾರಿಯನ್ನೇ ಪುಟ್ಟ ಹಳಿಗಳಲ್ಲಿ ಕಟ್ಟಿದರು. ಸುರಂಗ, ಗದ್ದೆ, ನದಿಯ ಸೇತುವೆ ಎಲ್ಲ ಇತ್ತು. ವೈರಿಂಗ್ ನನ್ನದು. ಜೊತೆಗೆ ದುಡಿದ ನಾಲ್ವರು ಅದನ್ನು ನೋಡಲು ಆ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಬೆಳಗ್ಗೆ ನಾನು ಕಾರವಾರದಿಂದ ಹೋಗಿ ನೋಡಿದರೆ, ಇಂಜಿನ್ನು ಸೇತುವೆಯ ಏರಿನಲ್ಲಿ ನಿಂತುಬಿಡುತ್ತಿತ್ತು.

ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಭಾವ ಹಳಿಗೆಲ್ಲ ತೆಂಗಿನೆಣ್ಣೆ ಸವರಿದ್ದರು! ಎಣ್ಣೆಯಿದ್ದಲ್ಲಿ ಕರೆಂಟು ಸರಿಯಾಗಿ ದಾಟುವುದಿಲ್ಲ. ಪೂರ್ತಿ ಒರೆಸಿದೆ. ಆದರೂ ಅಲ್ಲೇ ನಿಂತಿತು. ಮೀಟರ್ ಹಿಡಿದರೆ ಎಲ್ಲ ಕಡೆ ಹನ್ನೆರಡು ವೋಲ್ಟ್.

“ಮೀಟ್ರು ಸರಿ ಅಂತದೆ, ರೈಲು ಒಪ್ಪುದಿಲ್ಲ. ಯಾರ ಮಾತು ಕೇಳುದು ಸಾಹೇಬ್ರೆ?” ಎಂದು ಭಾವ ನಕ್ಕರು. ಕಣ್ಣು ಮಾತ್ರ ಗಡಿಯಾರದ ಮೇಲಿತ್ತು.

ಮೂರು ಗಂಟೆಗೆ ಪಕ್ಕದ ಮನೆಯ ಪುರ್ಸಜ್ಜ ಬಂದರು. ಎಪ್ಪತ್ತು ದಾಟಿದ ಮೀನುಗಾರ. ಹಿಂದೆ ದೋಣಿಯಲ್ಲಿ ಎಲ್ಲರನ್ನೂ ಸುಮ್ಮನಿರಿಸಿ, ನೀರಿಗಿಳಿಸಿದ ಹುಟ್ಟಿಗೆ ಕಿವಿ ಹಚ್ಚಿ, ಮೀನಿನ ಹಿಂಡು ಎಲ್ಲಿದೆಯೆಂದು ಹೇಳುತ್ತಿದ್ದರಂತೆ. ಅದನ್ನು ನಾನು ಯಾವತ್ತೂ ನಂಬಿದವನಲ್ಲ.

“ಕರೆಂಟು ಬಿಡಾ ತಮಾ. ಎಲ್ಲಾರೂ ಬಾಯಿ ಮುಚ್ಕಂಡಿರಿ.”

ರೈಲನ್ನು ಏರಿನಲ್ಲಿಟ್ಟು ಕರೆಂಟು ಬಿಟ್ಟೆ. ಅಜ್ಜ ಹಲಗೆಗೆ ಕಿವಿಯೊತ್ತಿ, ಕಣ್ಣು ಮುಚ್ಚಿ, ಹಳಿಯ ಗುಂಟ ಮೆಲ್ಲಗೆ ಸರಿಯುತ್ತ ಹೋದರು. ಬೆರಳಿಟ್ಟದ್ದು ರೈಲು ನಿಂತ ಸೇತುವೆಯಲ್ಲಲ್ಲ. ಮೂರಡಿ ಹಿಂದೆ, ಗದ್ದೆಯ ಬಳಿ.

“ಇಲ್ಲಿ ಉಸುರು ಕಟ್ತದೆ.”

“ಅಜ್ಜಾ, ಅಲ್ಲಿ ಚಲೋ ಓಡ್ತದಲ್ಲ?” ಎಂದೆ.

“ಸಪಾಟು ದಾರಿಲಿ ನಾನೂ ಓಡ್ತೆ. ಏರು ಹತ್ತುಕೆ ಹೇಳಿ ನೋಡು.”

ಅಲ್ಲಿ ಎರಡು ಹಳಿ ಕೂಡುವ ಜೋಡಣೆಯನ್ನು ಬಿಚ್ಚಿ ನೋಡಿದೆ. ಒಳಗೆಲ್ಲ ಹಸಿರು ಕಿಲುಬು. ಸಪಾಟಿಗೆ ಸಾಲುತ್ತಿದ್ದ ಕರೆಂಟು ಏರಿಗೆ ಸಾಲುತ್ತಿರಲಿಲ್ಲ. ರೈಲು ಎಳೆಯುವಾಗ ಮಾತ್ರ ವೋಲ್ಟ್ ಕುಸಿಯುತ್ತಿತ್ತು; ರೈಲನ್ನು ಎತ್ತಿಟ್ಟು ಖಾಲಿ ಹಳಿಯನ್ನು ಅಳೆದ ನನ್ನ ಮೀಟರಿಗೆ ಅದು ಕಾಣುವಂತಿರಲಿಲ್ಲ. ಅಷ್ಟು ಓದಿಯೂ ಮಾಡಿದ ತಪ್ಪು! ಕಿಲುಬು ಕೆರೆದು, ಎರಡೂ ಕಡೆಗೆ ವೈರ್ ಬೆಸೆದೆ.

ನಾಲ್ಕಕ್ಕೆ ಗೆಳೆಯರು ಬಂದರು. ರೈಲು ಏರು ಹತ್ತಿ ಸೇತುವೆ ದಾಟಿತು. ಅದು ಹತ್ತಿರ ಬಂದಾಗ ಒಬ್ಬರು ಹಳೆಯ ಅಭ್ಯಾಸದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೂ ನಗಲಿಲ್ಲ. ಭಾವನ ಮುಖ ನೋಡಬೇಕಿತ್ತು. ಪುರ್ಸಜ್ಜ ಆಗಲೇ ಮನೆಗೆ ಹೋಗಿದ್ದರು.

ಕಿಲುಬು ಹಿಡಿದ ಜೋಡಣೆಯ ಸಣ್ಣ ಗುಂಯ್ ಸದ್ದನ್ನು ಪಳಗಿದ ಕಿವಿ ಹಿಡಿದಿರಬೇಕೆಂದು ಸಮಾಧಾನ ಮಾಡಿಕೊಂಡೆ. ಮುಂದೊಮ್ಮೆ ಬೇಕೆಂದೇ ಒಂದು ಜೋಡಣೆ ಕೆಡಿಸಿ, ನಾನೂ ಕಿವಿಯಿಟ್ಟೆ. ಏನೂ ಕೇಳಲಿಲ್ಲ.

ಕಳೆದ ವರ್ಷ ಅಜ್ಜನನ್ನು ಕಾರವಾರದ ಕಿವಿ ಡಾಕ್ಟರ ಬಳಿ ಕರೆದೊಯ್ದೆ. ಆಮೇಲೆ ದುಡಿದ ಟ್ರಾಲರ್ ದೋಣಿಯ ಇಂಜಿನ್ನಿನ ಸದ್ದಿಗೆ ಬಲಗಿವಿ ಪೂರ್ತಿ ಹೋಗಿತ್ತು. “ಅದು ಹೋಗಿ ಇಪ್ಪತ್ತು ವರ್ಷ ಆಯ್ತಲ್ಲಾ!” ಎಂದು ಅಜ್ಜ ನಕ್ಕರು. ಸದ್ದು ಎಲುಬಿನ ಮೂಲಕ ಎಡಗಿವಿಗೆ ದಾಟಿರಬಹುದೇ? ಅಥವಾ ಅಂದು ಹಲಗೆಗೆ ಹಚ್ಚಿದ್ದು ಎಡಗಿವಿಯನ್ನೇ? ನೆನಪಾಗಲಿಲ್ಲ. ಮನೆಗೆ ಬಂದು, ಅಂದು ಭಾವ ತೆಗೆದ ಫೋಟೋ ಹುಡುಕಿದೆ.

ಹಲಗೆಗೆ ಒತ್ತಿದ್ದು ಬಲಗಿವಿ.