ಕಲ್ಲಿಗೆ ಕಲ್ಲು

ಪಕ್ಕದ ಮನೆಯವರು ಬೆಳ್ಳುಳ್ಳಿ ಜಜ್ಜುವಾಗ ನಾನು ಈಗಲೂ ಎಣಿಸುತ್ತೇನೆ. ಒಂದು. ಸ್ವಲ್ಪ ಬಿಟ್ಟು ಎರಡು. ಎಣಿಸಬಾರದು ಅಂದುಕೊಂಡರೂ ತಲೆ ಕೇಳುವುದಿಲ್ಲ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಹುಡುಗಿಯ ಗುರುತು ಸಿಗುವಂಥದ್ದನ್ನೆಲ್ಲ ಬದಲಾಯಿಸಿದ್ದೇನೆ. ಸದ್ದನ್ನು ಮಾತ್ರ ಬದಲಾಯಿಸಿಲ್ಲ.

ನಾನು ಕೋಲಾರದಲ್ಲಿ ಮಕ್ಕಳ ಸಹಾಯವಾಣಿಯಲ್ಲಿ ಕೆಲಸ ಮಾಡುತ್ತೇನೆ. ಕಷ್ಟದಲ್ಲಿರುವ ಮಗು ಫೋನ್ ಮಾಡಿದರೆ ಮಾತಾಡಬೇಕು, ಎಲ್ಲಿದೆ ಅಂತ ತಿಳಿದುಕೊಳ್ಳಬೇಕು, ಜೀಪು ಕಳಿಸಬೇಕು. ಬರುವ ಕರೆಗಳಲ್ಲಿ ಎಷ್ಟೋ ಬ್ಲ್ಯಾಂಕ್ ಕಾಲ್. ಆ ಕಡೆ ಯಾರೋ ಇರುತ್ತಾರೆ, ಉಸಿರು ಕೇಳಿಸುತ್ತದೆ, ಮಾತಿಲ್ಲ. ನಂಬರು ನಮಗೆ ಕಾಣಿಸಿದರೂ ತಿರುಗಿ ಫೋನ್ ಮಾಡುವಂತಿಲ್ಲ. ಫೋನು ಅಪ್ಪನದೋ ಮಾವನದೋ ಆಗಿದ್ದರೆ ಮಗುವಿನ ಗತಿ ಅಷ್ಟೇ. ನಂಬರಿನ ಜಾಡು ಹಿಡಿಯಲು ಪೊಲೀಸರಿಗೆ ಬರೆದರೆ ಒಂದೆರಡು ದಿನ ಹಿಡಿಯುತ್ತದೆ.

ಅದಕ್ಕೇ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಕಲಿತಿದ್ದು. ಕರೆಯ ಹಿಂದೆ ಕೇಳಿಸುವ ಸದ್ದುಗಳನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ನರಸಾಪುರದ ತಿರುವಿನಲ್ಲಿ ಕಂಪನಿ ಬಸ್ಸು ಒತ್ತುವ ಉದ್ದ ಹಾರ್ನ್. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕ್ರೇಟು ಎತ್ತಿಹಾಕುವ ದಡಬಡ. ಒಂದು ಸಲ ಕಂಡಕ್ಟರ್ ಕೂಗಿದ ಊರುಗಳ ಹೆಸರಿನಿಂದಲೇ, ತಪ್ಪಿಸಿಕೊಂಡಿದ್ದ ಮಗು ಯಾವ ಬಸ್‌ಸ್ಟ್ಯಾಂಡಿನಲ್ಲಿದೆ ಅಂತ ಕಂಡುಹಿಡಿದಿದ್ದೆ. ಅವತ್ತಿನಿಂದ ನಮ್ಮ ಮೇಲಿನವರು, ನಾವೆಲ್ಲ ಅಕ್ಕ ಅಂತ ಕರೆಯುವವರು, ನನ್ನನ್ನು ಕಂಡರೆ ಸಾಕು, "ಬಂದ್ಲಪ್ಪ, ಕಿವೀಲೇ ಊರು ಸುತ್ತೋಳು!" ಅನ್ನುತ್ತಿದ್ದರು. ನನಗೆ ಒಳಗೊಳಗೇ ಖುಷಿ.

ಆ ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕರೆ ಬಂತು.

"ಹಲೋ, ಮಕ್ಕಳ ಸಹಾಯವಾಣಿ. ಹೇಳು ಪುಟ್ಟ."

ಉಸಿರು ಮಾತ್ರ.

"ಮಾತಾಡೋಕಾಗ್ತಿಲ್ವಾ? ಪರವಾಗಿಲ್ಲ. ಹೌದು ಅಂದ್ರೆ ಒಂದ್ಸಲ ತಟ್ಟು, ಇಲ್ಲ ಅಂದ್ರೆ ಎರಡ್ಸಲ. ನಾನು ಕಟ್ ಮಾಡಲ್ಲ, ಇಲ್ಲೇ ಇರ್ತೀನಿ."

ಇದು ನಮ್ಮಲ್ಲಿನ ಪದ್ಧತಿ. ಮಕ್ಕಳು ಬೆರಳಿನಿಂದ ಫೋನನ್ನೇ ತಟ್ಟುತ್ತವೆ, ನಮ್ಮ ಕಿವಿಯೊಳಗೆ ದಬ್ ದಬ್ ಅಂತ ಬೀಳುತ್ತದೆ. ಆ ದಬ್ ಬರಲಿಲ್ಲ. ದೂರದಲ್ಲಿ ಎಲ್ಲೋ ಟಕ್ ಅಂತ ಒಂದು ಸದ್ದು. ಮತ್ತೆ ಟಕ್, ಟಕ್.

ನಾನು ಒಂದೇ ಸಮನೆ ಕೇಳುತ್ತಾ ಹೋದೆ. ಮನೇಲಿ ಹೊಡೀತಾರಾ, ಸ್ಕೂಲ್ ಬಿಡಿಸಿದಾರಾ, ಎಷ್ಟನೇ ಕ್ಲಾಸು, ಕೋಲಾರಾನಾ ಮಾಲೂರಾ. ಸುಮ್ಮನಿದ್ದರೆ ಮಗು ಹೆದರಿ ಫೋನ್ ಇಟ್ಟುಬಿಡುತ್ತದೆ ಅನ್ನುವ ಭಯ ನನಗೆ. ಬಾಯಿ ಕೇಳುತ್ತಿತ್ತು, ಕಿವಿ ಹಿಂದಿನ ಸದ್ದಿನ ಮೇಲಿತ್ತು. ನಾಲ್ಕು ನಿಮಿಷಕ್ಕೆ ಕರೆ ತುಂಡಾಯಿತು. ಅಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಾಗಿತ್ತು: ಉಳಿಯ ಸದ್ದು, ಶಿವಾರಪಟ್ಟಣ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಬೀದಿ ಬೀದಿಯಲ್ಲೂ ಕಲ್ಲಿನ ವಿಗ್ರಹ ಕೆತ್ತುತ್ತಾರೆ. ನಮ್ಮ ಸೋದರತ್ತೆಯ ಮನೆ ಅಲ್ಲೇ ಇದೆ. ಬೇಸಿಗೆ ರಜೆಗೆ ಹೋದಾಗಲೆಲ್ಲ ಆ ಸದ್ದಿಗೇ ಏಳುತ್ತಿದ್ದೆ.

"ಬರೀ ಸದ್ದು ನಂಬ್ಕೊಂಡು ಜೀಪ್ ಕಳಿಸ್ಲೇನೇ?" ಅಂದರು ಅಕ್ಕ.

"ಗ್ಯಾರಂಟಿ ಅಕ್ಕಾ. ಉಳಿ ಸದ್ದು ನಂಗೊತ್ತಾಗಲ್ವಾ?"

"ರೆಕಾರ್ಡಿಂಗ್ ಇನ್ನೊಂದ್ಸಲ ಕೇಳ್ದಾ?"

"ಕೇಳ್ದೆ" ಅಂದೆ. ಕೇಳಿರಲಿಲ್ಲ. ನಾನು ಪ್ರಶ್ನೆ ಶುರು ಮಾಡುವ ಮೊದಲು ಸದ್ದು ಬಂದ ಒಂದಷ್ಟು ಸೆಕೆಂಡಿನ ತುಣುಕನ್ನು ಮಾತ್ರ ಮೊಬೈಲಿಗೆ ಹಾಕಿಕೊಂಡಿದ್ದೆ. ಉತ್ತರ ಸಿಕ್ಕಿದೆಯಲ್ಲ, ಪೂರ್ತಿ ಯಾಕೆ ಕೇಳಬೇಕು ಅನ್ನಿಸಿತ್ತು.

ಗುರುವಾರ ಬೆಳಿಗ್ಗೆ ಜೀಪು ಹೊರಟಿತು. ಓಡಿಸುವ ಭಾಯ್ ಕೋಲಾರದವರೇ, ನನ್ನ ಅಪ್ಪನ ವಯಸ್ಸಿನವರು. "ಎಲ್ಲಿ ಬೇಟಾ, ಇವತ್ತು ನಿನ್ ಕಿವಿ ಎಲ್ಲಿಗೆ ಕರ್ಕೊಂಡ್ ಹೋಗ್ತಿದೆ?" ಅಂತ ನಕ್ಕರು. ನಾನೂ ನಕ್ಕೆ.

ಶಾಲೆಯಲ್ಲಿ ಕೇಳಿದೆವು, ಅಂಗನವಾಡಿಯಲ್ಲಿ ಕೇಳಿದೆವು. ಯಾವ ಮಗುವೂ ಕಾಣೆಯಾಗಿಲ್ಲ, ಯಾರೂ ಶಾಲೆ ಬಿಟ್ಟಿಲ್ಲ. ಹನ್ನೊಂದು ಗಂಟೆಗೆ ಒಂದು ಶೆಡ್ಡಿನ ಮುಂದೆ ನಿಂತು ಟೀ ಕುಡಿದೆವು. ಒಳಗೆ ವಯಸ್ಸಾದ ಶಿಲ್ಪಿಯೊಬ್ಬರು ಗಣೇಶನ ಸೊಂಡಿಲು ಬಿಡಿಸುತ್ತಿದ್ದರು. ಆ ಸದ್ದು ಯಾವ ಬೀದಿಯದು ಅಂತ ಅವರಿಗೇನಾದರೂ ಗೊತ್ತಾಗಬಹುದು ಅಂತ ಮೊಬೈಲಿನಲ್ಲಿದ್ದ, ಮಾತಿಲ್ಲದ ಆ ತುಣುಕನ್ನು ಕೇಳಿಸಿದೆ.

ಅವರು ಫೋನನ್ನು ಕಿವಿಗೆ ಒತ್ತಿಕೊಂಡರು. ಇನ್ನೊಂದು ಸಲ ಹಾಕು ಅಂದರು.

"ಇದು ಉಳಿ ಅಲ್ಲಮ್ಮಾ."

"ಉಳೀನೇ ತಾತ, ನಾನು ಚಿಕ್ಕೋಳಿದ್ದಾಗಿಂದ ಕೇಳಿದೀನಿ."

"ನೀನು ಕೇಳಿದೀಯ, ನಾನು ಹೊಡ್ದಿದೀನಿ. ಉಳಿಗೆ ಕಬ್ಬಿಣದ ಗುಂಯ್ ಇರತ್ತೆ. ಇದು ಕಲ್ಲಿಗೆ ಕಲ್ಲು. ಆಮೇಲೆ, ಕೆಲಸ ಮಾಡೋನು ಹೀಗೆ ಹೊಡೀತಾನಾ? ಒಂದು ಹೊಡೆದು ಸುಮ್ನಾಗ್ತಾರೆ, ಎರಡು ಹೊಡೆದು ಸುಮ್ನಾಗ್ತಾರೆ. ಯಾರಿಗೋ ಏನೋ ಹೇಳ್ತಿದಾರೆ."

ಟೀ ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ಭಾಯ್ ಆಗಲೇ ಜೀಪನ್ನು ಕೋಲಾರದ ಕಡೆ ತಿರುಗಿಸಿದ್ದರು.

ಆಫೀಸಿಗೆ ಬಂದು ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಪೂರ್ತಿ ಕೇಳಿದೆ. ನನ್ನ ದನಿಯನ್ನು ನಾನು ಹಾಗೆ ಹಿಂದೆಂದೂ ಕೇಳಿರಲಿಲ್ಲ. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಉಸಿರು ಬಿಡುವಷ್ಟೂ ಜಾಗ ಕೊಟ್ಟಿಲ್ಲ. ಅವಳ ಉತ್ತರಗಳು ನನ್ನ ಮುಂದಿನ ಪ್ರಶ್ನೆಯ ಅಡಿಗೆ ಬಿದ್ದು ಹೋಗಿದ್ದವು. ಆದರೂ ಇದ್ದವು, ಒಂದೊಂದೂ.

ಹುಡುಗಿನಾ? ಒಂದು ಸಲ. ಎಷ್ಟನೇ ಕ್ಲಾಸು? ಎಂಟು ಸಲ. ನಾನು ಆಗಲೇ ಇನ್ನೇನೋ ಕೇಳುತ್ತಿದ್ದೆ, ಅವಳು ಎಂಟೂ ಮುಗಿಸಿದ್ದಳು. ಕೋಲಾರಾನಾ? ಎರಡು. ಮಾಲೂರಾ? ಎರಡು. ಮುಳಬಾಗಿಲಾ? ಒಂದು. ನಾನು ಶ್ರೀನಿವಾಸಪುರಾನಾ ಅಂತಲೂ ಕೇಳಿದ್ದೆ. ಅವಳು ಪಾಪ, ಅದಕ್ಕೂ ಎರಡು ಸಲ ಹೊಡೆದಿದ್ದಳು.

ಮದುವೆ ಮಾಡ್ತಿದಾರಾ? ಒಂದು.

ಈ ವಾರಾನಾ, ನಾಳೇನಾ, ಅಂತ ಒಂದೇ ಉಸಿರಿಗೆ ಎರಡನ್ನೂ ಒಟ್ಟಿಗೆ ಕೇಳಿದ್ದೆ. ಒಂದು. ಸ್ವಲ್ಪ ಬಿಟ್ಟು ಮತ್ತೊಂದು, ಜೋರಾಗಿ. ಎರಡಕ್ಕೂ ಹೌದು.

ನಾಳೆ ಅಂದರೆ ಇವತ್ತು.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಬೈಯುತ್ತಾರೆ ಅಂದುಕೊಂಡೆ. "ಬೈಯೋಕೆ ಟೈಮಿಲ್ಲ, ಫೋನ್ ತಗೋ" ಅಂದರು. ಪೊಲೀಸರಿಗೆ ಅವರು ಹೇಳಿದರು. ನಾನು ಮುಳಬಾಗಿಲಿನ ಶಾಲೆಗಳಿಗೆಲ್ಲ ಒಂದೊಂದಾಗಿ ಫೋನ್ ಮಾಡಿ, ಎಂಟನೇ ಕ್ಲಾಸಿನಲ್ಲಿ ಈ ವಾರ ಬರದ ಹುಡುಗಿಯರು ಯಾರು ಅಂತ ಕೇಳಿದೆ. ಏಳನೆಯದೋ ಎಂಟನೆಯದೋ ಶಾಲೆಯ ಮೇಷ್ಟ್ರು, "ಒಬ್ಳು ಸೋಮವಾರದಿಂದ ಬಂದಿಲ್ಲ ಮೇಡಂ" ಅಂದು ಊರಿನ ಹೆಸರು ಹೇಳಿದರು. ಆಂಧ್ರದ ಗಡಿಗೆ ಅಂಟಿಕೊಂಡ ಊರು.

ನಾವು ಹೋದಾಗ ಇನ್ನೂ ಬಿಸಿಲಿತ್ತು. ಮನೆಗೆ ಬೀಗ. ಬಾಗಿಲಿಗೆ ಮಾವಿನ ಎಲೆಯ ತೋರಣ. ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು.

"ಪೆಳ್ಳಿ ಅಯಿಪೋಯಿಂದಮ್ಮಾ. ಮದ್ವೆ ಆಗೋಯ್ತು. ಆ ಕಡೆ ಗುಡೀಲಿ, ಬೆಳಿಗ್ಗೆ ಹನ್ನೊಂದಕ್ಕೆ ಮುಹೂರ್ತ. ನೀವೇನು, ಹೆಣ್ಣಿನ ಕಡೆ ನೆಂಟರಾ?"

ಅಕ್ಕ ಅವರೊಂದಿಗೆ ಮಾತಾಡುತ್ತಿದ್ದಾಗ ನಾನು ಮನೆಯ ಹಿಂದಕ್ಕೆ ಹೋದೆ. ಬಟ್ಟೆ ಒಗೆಯುವ ಕಲ್ಲು ಇತ್ತು. ಅದರ ಹಿಂದೆ ಒಂದು ಮಗು ಕುಕ್ಕುರುಗಾಲಲ್ಲಿ ಕೂರುವಷ್ಟು ಜಾಗ. ಕಲ್ಲಿನ ಅಂಚಿನ ಮೇಲೆ ಮುಷ್ಟಿಯೊಳಗೆ ಹಿಡಿಯುವಂಥ ಒಂದು ಬೆಣಚುಕಲ್ಲು. ಅದು ಬಡಿದ ಕಡೆ ಬೆಳ್ಳಗೆ ಸಣ್ಣ ಸಣ್ಣ ಚುಕ್ಕೆಗಳಾಗಿದ್ದವು. ಎಣಿಸಲು ಶುರು ಮಾಡಿ ನಿಲ್ಲಿಸಿದೆ.

ಅವಳನ್ನು ಗಡಿಯಾಚೆಯಿಂದ ಕರೆತರಲು ಎರಡು ವಾರ ಹಿಡಿಯಿತು. ಮಕ್ಕಳ ಕಲ್ಯಾಣ ಸಮಿತಿಯವರು ಒಳಗೆ ಕಾಗದ ಪತ್ರ ನೋಡುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಅವಳ ಜೊತೆ ಕೂತಿರು ಅಂತ ಅಕ್ಕ ನನಗೆ ಹೇಳಿದರು. ಮೊಣಕೈವರೆಗೂ ಹಸಿರು ಬಳೆ. ತಲೆ ಬಗ್ಗಿಸಿ ಕೂತಿದ್ದಳು.

"ನೀರು ಕುಡೀತೀಯಾ ಪುಟ್ಟ?"

ನನ್ನ ದನಿ ಕೇಳಿದ್ದೇ ತಲೆ ಎತ್ತಿದಳು.

"ಫೋನಲ್ಲಿ ಮಾತಾಡಿದ್ದು ನೀವೇನಾ ಅಕ್ಕಾ?"

"ಹೂಂ."

"ಫೋನ್ ತಟ್ಟು ಅಂದ್ರಲ್ಲ. ಟಚ್ ಫೋನು, ತಟ್ಟಿದ್ರೆ ಕಟ್ ಆಗ್ಬಿಟ್ರೆ ಅಂತ ಭಯ ಆಯ್ತು. ಅದಕ್ಕೇ ಕಲ್ಲಲ್ಲಿ ಹೊಡ್ದೆ. ಎಲ್ಲಾ ಹೇಳಿದ್ನಲ್ಲಕ್ಕಾ. ಕೇಳಿಸ್ಲೇ ಇಲ್ವಾ?"

ಇಲ್ಲ ಅಂದುಬಿಡಬಹುದಿತ್ತು. ಲೈನ್ ಸರಿ ಇರಲಿಲ್ಲ ಅನ್ನಬಹುದಿತ್ತು.

"ಕೇಳಿಸ್ತು" ಅಂದೆ.

ಅವಳು ನೀರು ಕುಡಿದಳು. ಲೋಟ ನನ್ನ ಕೈಗೆ ಕೊಟ್ಟಳು. ಕೋಪದ ದನಿಯಲ್ಲ, ಪಾಠದಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದಳು.

"ಮತ್ತೆ ಯಾಕೆ ಬರ್ಲಿಲ್ಲ?"

ಅಷ್ಟರಲ್ಲಿ ಒಳಗಿನಿಂದ ಅವಳನ್ನು ಕರೆದರು. ಎದ್ದು ಹೋದಳು.

ಈಗ ಹಾಸ್ಟೆಲಿನಲ್ಲಿದ್ದುಕೊಂಡು ಒಂಬತ್ತನೇ ಕ್ಲಾಸಿಗೆ ಹೋಗುತ್ತಿದ್ದಾಳಂತೆ, ಅಕ್ಕ ಹೇಳಿದರು. ಬ್ಲ್ಯಾಂಕ್ ಕಾಲ್ ಬಂದರೆ ನಾನೀಗ ಒಂದು ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ನೋಟ್‌ಬುಕ್ಕು ಮೇಜಿನ ಡ್ರಾಯರಿನಲ್ಲಿ ಬಿದ್ದಿದೆ. ಹಾಸ್ಟೆಲು ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಇನ್ನೂ ಹೋಗಿಲ್ಲ. ಹೋದರೆ ಅವಳು ಕೇಳಿದ್ದಕ್ಕೆ ಉತ್ತರ ಹೇಳಬೇಕಾಗುತ್ತದೆ.