ಶಾಂತಕ್ಕನ ಜಗಳಗಳು

ಇವತ್ತು ಬೆಳಿಗ್ಗೆ ಗೋವಾದ ವೆರ್ಣಾಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೊಸ ಹುಡುಗಿ, ಮಳೆಹನಿ ಬಿತ್ತೆಂದು ಕಿಟಕಿಯ ಗಾಜು ಎಳೆಯಲು ಹೋದಳು. ಆ ಕರಕರ ಸದ್ದಿಗೇ ಶಾಂತಕ್ಕ ನೆನಪಾದಳು. ಅದು ಅವಳ ಸೀಟು. ಎಂಥ ಮಳೆಯಲ್ಲೂ ಆ ಕಿಟಕಿ ಮುಚ್ಚಿದವಳಲ್ಲ; ಹಿಂದೆ ಕೂತ ನಾನು ತೊಯ್ದು ತೊಪ್ಪೆಯಾಗಿ ಇಳಿಯುತ್ತಿದ್ದೆ. ದಿನಾ ಬೈಯುತ್ತಿದ್ದೆ, ಮರುದಿನ ಮತ್ತೆ ಅಲ್ಲೇ ಕೂರುತ್ತಿದ್ದೆ. ನನ್ನ ಬುದ್ಧಿ ಎಷ್ಟರದೆಂದು ನಿಮಗೆ ಇಷ್ಟರಲ್ಲೇ ತಿಳಿದಿರಬೇಕು.

ವಿಜಯಪುರದ ಕಡೆಯವಳು. ಪ್ಯಾಕಿಂಗ್ ವಿಭಾಗದಲ್ಲಿ ಅವಳೊಡನೆ ಜಗಳವಾಡದವರಿರಲಿಲ್ಲ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿ ಜಗಳವಾಡಿದವರಿಗೇ ರೊಟ್ಟಿ ಚಾಚುತ್ತಿದ್ದಳು. ರೊಟ್ಟಿ ತೆಗೆದುಕೊಂಡರೆ ಜಗಳ ಮುಗಿದಂತೆ. ಕಾಯಿಲೆ ಬಿದ್ದಾಗ ನೋಡಲು ಹೋದ ನನ್ನಿಂದ ಮಾತು ತೆಗೆದುಕೊಂಡಳು.

"ನಾ ಸತ್ತ ಮ್ಯಾಲ ದಿನಕರ್ಮ ಮಾಡಬ್ಯಾಡ್ರಿ. ನಮ್ಮ ಬಸ್ಸಿನ್ಯಾಗ ಎಲ್ಲಾರೂ ಕುಂದರ್ರಿ. ಹೊಗಳಬ್ಯಾಡ್ರಿ. ನನ್ನ ಕೂಡ ಆಡಿದ ಜಗಳಾ ಹೇಳಿ, ರೊಟ್ಟಿ ತಿಂದು ಹೋಗ್ರಿ."

ಹೂಂ ಅಂದುಬಿಟ್ಟೆ. ಹೂಂ ಅನ್ನುವುದರಲ್ಲಿ ನಾನು ಎತ್ತಿದ ಕೈ.

ಮಣ್ಣಾದ ಮೇಲೆ ಊರಿನಿಂದ ಅವಳ ಅಣ್ಣ ಬಂದರು. ಊರ ಪದ್ಧತಿಯಂತೆ ದಿನಕರ್ಮ ಆಗದಿದ್ದರೆ ಈ ಮನೆಯ ಸಂಬಂಧ ಕಡಿದುಹೋಯಿತೆಂದೇ ತಿಳಿಯಿರಿ ಎಂದರು. ಅವಳ ಗಂಡ ಯಲ್ಲಪ್ಪ ನನ್ನ ಮುಖ ನೋಡಿದ. ಮಾತು ಕೊಟ್ಟವನು ನಾನು, ಮುರಿಯುವ ಸಂಬಂಧ ಅವನದು. ಕಡೆಗೆ ಯಲ್ಲಪ್ಪನೇ, ಆಕೆ ಹೇಳಿದಂತೆಯೇ ಆಗಲಿ ಎಂದ.

ಭಾನುವಾರ ಡ್ರೈವರ್ ಬಸ್ಸನ್ನು ಫಾತೋರ್ಡಾದ ನಮ್ಮ ಓಣಿಗೆ ತಂದ. ಅವಳ ಸೀಟಿನಲ್ಲಿ ರೊಟ್ಟಿಯ ಬುಟ್ಟಿ ಇಟ್ಟೆವು. ಅಣ್ಣ ಹತ್ತಿದರು, ಆದರೆ ಕೂರಲಿಲ್ಲ; ಬಾಗಿಲ ಬಳಿ ಕಂಬಿ ಹಿಡಿದು ನಿಂತರು. ಒಬ್ಬೊಬ್ಬರೂ ತಮ್ಮ ಜಗಳ ಹೇಳಿದರು. ನನ್ನ ಸರದಿ ಬಂದಾಗ ಕಿಟಕಿಯ ಕಥೆ ಹೇಳಿದೆ. ಯಾರೋ ಕಿಸಕ್ಕನೆ ನಕ್ಕರು.

"ಸತ್ತಾಕಿನ್ನ ಬೈಯಾಕ ಕರಿಸೀರೇನು?"

ಅಣ್ಣನ ಮಾತಿಗೆ ಯಲ್ಲಪ್ಪ ತಲೆ ತಗ್ಗಿಸಿದ. ಅವರು ಒಂದು ಕಾಲು ಮೆಟ್ಟಿಲಿಗೆ ಇಳಿಸಿಯೇಬಿಟ್ಟರು. ಮುಗಿಯಿತು, ನನ್ನಿಂದಲೇ ಮುಗಿಯಿತು ಅಂದುಕೊಂಡೆ. ಅವರು ಅಲ್ಲೇ ನಿಂತರು. ತಿರುಗದೆಯೇ ಮಾತಾಡಿದರು.

"ನಂದೂ ಒಂದು ಜಗಳ ಐತಿ. ಗೋವಾಕ್ಕ ಹೋಗಬ್ಯಾಡ ಅಂದಿದ್ದೆ, ಕೇಳಲಿಲ್ಲ. ಮಾತು ಬಿಟ್ಟೆ. ಆಕಿ ಫೋನ್ ಮಾಡಿದ್ರೂ ಎತ್ತಲಿಲ್ಲ."

ಯಲ್ಲಪ್ಪ ಎದ್ದು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಅವರ ಮುಂದೆ ಚಾಚಿದ. ಅವರು ತುಸು ಹೊತ್ತು ಅದನ್ನೇ ನೋಡಿ ಕೈ ಮುಂದೆ ಮಾಡಿದರು. ತಿನ್ನಲಾಗದೆ ಹಿಡಿದುಕೊಂಡೇ ಅತ್ತರು. ನಾವೂ ಅತ್ತೆವು. ಅಳಬೇಡಿ ಎಂದು ಅವಳೇನೂ ಹೇಳಿರಲಿಲ್ಲವಲ್ಲ.

"ಮುಚ್ಚಲೇನ್ರಿ ಅಣ್ಣಾರ? ತೊಯ್ತೀರಿ," ಎಂದಳು ಇವತ್ತು ಬೆಳಿಗ್ಗೆ ಆ ಹೊಸ ಹುಡುಗಿ, ನನ್ನತ್ತ ತಿರುಗಿ.

"ಇರಲಿ ಬಿಡವಾ, ತೆರೆದೇ ಇರಲಿ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ವೆರ್ಣಾ ಬರುವಷ್ಟರಲ್ಲಿ ಅಂಗಿ ಪೂರ್ತಿ ತೊಯ್ದಿತ್ತು. ಇಳಿಯುವಾಗ ಎಂದಿನಂತೆ ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಲಿ?